ಜಡೆಗೆ ಎರಡು ಡಾಲರ್

ಬಹಾಮಾಸ್‌ನ ನಸ್ಸಾವಿನಲ್ಲಿ ಕ್ರೂಸ್ ಹಡಗಿನಿಂದ ಇಳಿದವಳು ಬಂದರಿನ ಬಳಿಯೇ ತಲೆತುಂಬ ಸಣ್ಣ ಜಡೆ ಹೆಣೆಸಿಕೊಂಡೆ. ಜಡೆಗೆ ಎರಡು ಡಾಲರ್, ಒಟ್ಟು ಇಪ್ಪತ್ತು ಜಡೆ. ಆಕೆ ಒಂದೂವರೆ ಗಂಟೆ ಬಿಸಿಲಲ್ಲಿ ನಿಂತೇ ಹೆಣೆದರು. ಕ್ಲೈಂಟಿಗೆ ಗಂಟೆ ಲೆಕ್ಕದಲ್ಲಿ ಬಿಲ್ ಹಾಕುವ ನಾನು ಚೌಕಾಸಿ ಮಾಡಿ ಐದು ಡಾಲರ್ ಇಳಿಸಿದೆ.

ಪುಣೆಯ ಕನ್ನಡ ಬಳಗದಲ್ಲಿ ಇದನ್ನು ಹೇಳಿದರೆ, "ರಜೆಯ ಮೋಜಿಗೆಲ್ಲ ಯಾಕ್ರೀ ಇಷ್ಟು ತಲೆ ಕೆಡಿಸ್ಕೋತೀರಿ?" ಅಂದರು.

ಮೋಜು ಯಾರಿಗೆ? ಅಮೆರಿಕನ್ ಏರ್‌ಲೈನ್ಸ್‌ನ ಕಪ್ಪು ಉದ್ಯೋಗಿ ರೆನೀ ರಾಜರ್ಸ್ ಇಂಥ ಜಡೆಯಲ್ಲಿ ಕೆಲಸಕ್ಕೆ ಬರುವ ಹಕ್ಕು ಕೇಳಿ 1981ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಸೋತರು. ಬಿಳಿಯ ನಟಿ ಬೋ ಡೆರೆಕ್ ಸಿನಿಮಾದಲ್ಲಿ ಹಾಕಿಕೊಂಡ ಮೇಲಷ್ಟೇ ಆಕೆ ಹೀಗೆ ಬಂದರೆಂಬ ಕಂಪನಿಯ ಮಾತನ್ನೂ ತೀರ್ಪು ಎತ್ತಿಕೊಂಡಿತು. ಆಫ್ರಿಕಾದ ಅಜ್ಜಿಯರ ಜಡೆ, ಹೆಸರು ಹಾಲಿವುಡ್ಡಿಗೆ! ಇಂಥ ತಾರತಮ್ಯದ ವಿರುದ್ಧ ಕ್ಯಾಲಿಫೋರ್ನಿಯ ಕಾನೂನು ಮಾಡಿದ್ದು 2019ರಲ್ಲಿ.

ಹೆಣೆಸಿಕೊಳ್ಳಬೇಡಿ ಅನ್ನುತ್ತಿಲ್ಲ, ಅದು ಅವರ ಅನ್ನ. ಕೇಳಿದಷ್ಟು ಕೊಡಿ, ಅಷ್ಟೇ.

ಸೋಮವಾರ ಅದೇ ಜಡೆಯಲ್ಲಿ ಆಫೀಸಿಗೆ ಹೋದೆ. ಎಲ್ಲರೂ ಸೆಲ್ಫಿ ತೆಗೆದುಕೊಂಡರು, ಎಚ್.ಆರ್. ಕೂಡ. ಉಳಿಸಿದ ಐದು ಡಾಲರಿಗೆ ಹಡಗಿನಲ್ಲಿ ಕಾಫಿ ಕುಡಿದಿದ್ದೆ. ಅಲ್ಲಿ ಚೌಕಾಸಿ ಮಾಡಲಿಲ್ಲ.