ಪೆಂಗ್ವಿನ್‌ಗೆ ಶುಲ್ಕ, ಹುಣಸೆ ಮರಕ್ಕೆ ಬರಿಗೈ

ಪ್ರವಾಸಿ ಹಡಗುಗಳ ವ್ಯವಹಾರದಲ್ಲಿ ತೀರಪ್ರವಾಸವೆಂಬುದು ಪ್ರತ್ಯೇಕ ಬಾಬ್ತು. ಹಡಗು ಬಂದರಿನಲ್ಲಿ ನಿಂತಿರುವ ಕೆಲವೇ ಗಂಟೆಗಳಲ್ಲಿ ಪ್ರಯಾಣಿಕರನ್ನು ಇಳಿಸಿ, ಊರು ತೋರಿಸಿ, ಸಂಜೆಯೊಳಗೆ ಮರಳಿ ಹತ್ತಿಸಬೇಕು. ನವಮಂಗಳೂರು ಬಂದರಿಗೆ ಬರುವ ವಿದೇಶಿಯರು ಕಾರ್ಕಳ, ಮೂಡುಬಿದಿರೆ, ಗೋಡಂಬಿ ಕಾರ್ಖಾನೆ ನೋಡಿ ಹೋಗುವುದು ಈ ಬಗೆಯದೇ. ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಇದೇ ವ್ಯವಹಾರ ಪೆಂಗ್ವಿನ್‌ಗಳನ್ನು ನಂಬಿ ನಡೆಯುತ್ತದೆ.

ಆ ದ್ವೀಪಗಳ ಜನಸಂಖ್ಯೆ ಸುಮಾರು ಮೂರೂವರೆ ಸಾವಿರ. ಹಳ್ಳಿಗಾಡಿನ ಕಸುಬು ಉಣ್ಣೆಗಾಗಿ ಕುರಿ ಸಾಕಣೆ. ಪೆಂಗ್ವಿನ್‌ಗಳು ಗೂಡು ಮಾಡುವ ಕಡಲತೀರಗಳಲ್ಲಿ ಹಲವು ಖಾಸಗಿ ಕುರಿಗಾವಲುಗಳಿಗೇ ಸೇರಿವೆ. ರಾಜ ಪೆಂಗ್ವಿನ್‌ಗಳಿರುವ ವಾಲಂಟಿಯರ್ ಪಾಯಿಂಟ್ ಅಂಥದೊಂದು. ಅಲ್ಲಿಗೆ ಕಾಲಿಡುವ ಪ್ರವಾಸಿಯಿಂದ ಜಮೀನಿನ ಒಡೆಯನಿಗೆ ಶುಲ್ಕ ಸಲ್ಲುತ್ತದೆ. ಜೀಪು ಓಡಿಸುವವರಿಗೆ ಬಾಡಿಗೆ, ಚಹಾ ತಿಂಡಿ ಕೊಡುವ ಮನೆಯವರಿಗೆ ಅದರ ಹಣ. ಉಣ್ಣೆಯ ಧಾರಣೆ ಕುಸಿದ ವರ್ಷವೂ ಆ ರೈತನಿಗೆ ಹಕ್ಕಿ ಹೊರೆಯಲ್ಲ, ಆದಾಯದ ಬಾಬ್ತು.

ತುಮಕೂರಿನ ವರ್ತಕರಿಗೆ ಈ ಲೆಕ್ಕವೇಕೆ? ಉತ್ತರ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿದೆ. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹುಣಸೆ ಬಡಿಯುವ ಕಾಲವೂ ಹಕ್ಕಿ ಗೂಡಿನಲ್ಲಿರುವ ಕಾಲವೂ ಒಂದೇ. ಗೂಡಿರುವ ಕೊಂಬೆಯನ್ನು ಬಡಿದರೆ ಮೊಟ್ಟೆ ಉಳಿಯದು, ಬಡಿಯದಿದ್ದರೆ ಹಣ್ಣು ಕೈಗೆ ಬಾರದು. ಹುಣಸೆಹಣ್ಣಿನ ವಹಿವಾಟಿಗೆ ಹೆಸರಾದ ತುಮಕೂರು ಎಪಿಎಂಸಿಯಲ್ಲಿ ಕುಳಿತವರಿಗೆ ಈ ನಷ್ಟದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೀಳದೆ ಬಿಟ್ಟ ಹಣ್ಣು ಯಾವ ಆವಕದ ಪುಸ್ತಕದಲ್ಲೂ ದಾಖಲಾಗುವುದಿಲ್ಲ, ಅಷ್ಟೆ.

ಕುಣಿಗಲ್ ಮಾರ್ಗವಾಗಿ ಮದ್ದೂರಿನತ್ತ ಹೋದರೆ ಸಿಗುವ ಕೊಕ್ಕರೆ ಬೆಳ್ಳೂರಿನದೂ ಇದೇ ಕಥೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ಟಿದ ಮರಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಅಲ್ಲಿ ಬಂದಿತು. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯು ಖಾಸಗಿ ಹಾಗೂ ಸಮುದಾಯದ ಜಮೀನಿಗೂ ಸಂರಕ್ಷಣೆಯ ಮನ್ನಣೆ ದೊರಕಿಸಿದ ಮೇಲೆ, 2007ರಲ್ಲಿ ಆ ಊರು ಸಮುದಾಯ ಮೀಸಲು ಎನಿಸಿತು. ಆದರೆ ಪರಿಹಾರವು ಸರ್ಕಾರದ ಅನುದಾನ. ಶುಲ್ಕವು ನೋಡಲು ಬಂದವನು ತೆರುವ ಬೆಲೆ. ಅನುದಾನ ತಡವಾದರೆ ಕೇಳಲು ಕಚೇರಿಗೆ ಅಲೆಯಬೇಕು. ಶುಲ್ಕವಾದರೆ ಅಂದೇ ಕೈಸೇರುತ್ತದೆ.

ಬೆಂಗಳೂರಿನಿಂದ ಬೆಳಗ್ಗೆ ಬಂದ ಕಾರು ಹಕ್ಕಿ ನೋಡಿ, ಹೆದ್ದಾರಿಯಲ್ಲಿ ಊಟ ಮುಗಿಸಿ, ಸಂಜೆ ಮನೆ ಸೇರುತ್ತದೆ. ಇದೂ ಒಂದು ತೀರಪ್ರವಾಸವೇ, ಹಡಗೊಂದೇ ಕಡಿಮೆ. ಪೆಟ್ರೋಲ್ ಬಂಕಿಗೆ, ಹೋಟೆಲಿಗೆ ದೊರೆತ ಹಣದಲ್ಲಿ ಮರದ ಒಡೆಯನಿಗೆ ಪಾಲಿಲ್ಲ. ಶುಲ್ಕ ಹಾಕಿದರೆ ಜನ ಬಾರರು ಎಂಬ ಆಕ್ಷೇಪ ಏಳುವುದು ಖಚಿತ. ವಿದೇಶ ಪ್ರವಾಸದ ಪ್ಯಾಕೇಜಿಗೆ 2020ರ ಅಕ್ಟೋಬರ್‌ನಿಂದ ಮೂಲದಲ್ಲೇ ತೆರಿಗೆ ವಸೂಲಾಗತೊಡಗಿದರೂ ಹೋಗುವವರು ಹೋಗುತ್ತಲೇ ಇದ್ದಾರೆ. ಅಂಥವರು ಐವತ್ತು ರೂಪಾಯಿಗೆ ಹಿಂದಿರುಗುತ್ತಾರೆಂದು ನಂಬುವುದು ಕಷ್ಟ.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನು ಜಾತ್ರೆಗೆ ಬರುವ ಯಾತ್ರಿಕರಿಂದಲೂ, ಸೌಕರ್ಯ ಒದಗಿಸಿದ ವಾಹನ ನಿಲ್ದಾಣಗಳಿಂದಲೂ ಶುಲ್ಕ ಪಡೆಯುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಊರ ಹೊರಗೆ ವಾಹನ ನಿಲ್ದಾಣ, ಅಲ್ಲಿಂದ ಕಾಲ್ನಡಿಗೆ, ರಸೀದಿ ಪುಸ್ತಕ, ಪ್ರತ್ಯೇಕ ಬ್ಯಾಂಕ್ ಖಾತೆ, ಋತು ಮುಗಿದಾಗ ಗೂಡಿದ್ದ ಮರಗಳ ಎಣಿಕೆಯಂತೆ ಹಂಚಿಕೆ: ಇದಕ್ಕೆ ದೊಡ್ಡ ಬಂಡವಾಳ ಬೇಡ. ಹಣ ಪಂಚಾಯಿತಿಯ ಸಾಮಾನ್ಯ ಲೆಕ್ಕದಲ್ಲಿ ಕರಗದಂತೆ ನೋಡಿಕೊಳ್ಳುವುದೇ ನಿಜವಾದ ಕಷ್ಟ.

ಬಂದವರಿಗೆ ಮಿತಿಯೂ ಬೇಕು. ಅಂಟಾರ್ಕ್ಟಿಕದ ಪ್ರವಾಸ ಸಂಸ್ಥೆಗಳು 1991ರಲ್ಲಿ ಒಕ್ಕೂಟ ಕಟ್ಟಿಕೊಂಡವು. ಒಂದು ಸ್ಥಳದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಪ್ರಯಾಣಿಕರು ಇಳಿಯುವಂತಿಲ್ಲ, ಪೆಂಗ್ವಿನ್‌ನಿಂದ ಐದು ಮೀಟರ್ ದೂರವಿರಬೇಕೆಂಬ ಕಟ್ಟಳೆಗಳಿಗೆ ಅವು ಒಳಪಟ್ಟಿವೆ. ತಮ್ಮ ಸರಕು ಯಾವುದೆಂದು ಆ ವ್ಯಾಪಾರಿಗಳಿಗೆ ತಿಳಿದಿತ್ತು.

ಹಕ್ಕಿಯ ಹೆಸರನ್ನೇ ಹೊತ್ತ ಗುಬ್ಬಿ ಪಟ್ಟಣವೂ, ಜನಪದರ ಬಾಯಲ್ಲಿ ಉಳಿದ ಕುಣಿಗಲ್ ಕೆರೆಯೂ ಇದೇ ಜಿಲ್ಲೆಯಲ್ಲಿವೆ. ಅವನ್ನೂ ಸೇರಿಸಿ ಒಂದು ರಾತ್ರಿ ತಂಗುವ ಪ್ರವಾಸವನ್ನು ಜಿಲ್ಲೆಯ ಹೋಟೆಲು, ಟ್ಯಾಕ್ಸಿ ಮಾಲೀಕರು ರೂಪಿಸಬಹುದು. ಆದರೆ ಮೊದಲ ಮಾತುಕತೆ ಕಗ್ಗಲಡುವಿನ ಮರದ ಒಡೆಯರೊಡನೆ ಆಗಲಿ, ಅದೂ ಮುಂದಿನ ಹುಣಸೆ ಸುಗ್ಗಿಗೆ ಮುಂಚೆ.