ಆರೋಗ್ಯದ ಪುಟ: ಮೂತ್ರಪಿಂಡದ ರೋಗಿಯ ಯಕೃತ್ತು

ದಸರೆಯ ಹಿಂದಿನ ವಾರ ಕಾಚಿಗುಡದ ಒಬ್ಬ ಮಿತ್ರರ ಮನೆಯಲ್ಲಿ ಕುಳಿತಿದ್ದಾಗ, ಕಲಬುರಗಿ ಕಡೆಯ ತಾಯಿಯೊಬ್ಬರು ಕೈಯಲ್ಲಿ ಕಾಗದಗಳ ಕಟ್ಟು ಹಿಡಿದು ಬಂದರು. ಅವರ ಯಜಮಾನರ ಮೂತ್ರಪಿಂಡಗಳೆರಡೂ ಸೋತಿವೆ. ಡಯಾಲಿಸಿಸ್ ಆರಂಭವಾಗಿ ಎರಡು ತಿಂಗಳು.

"ಡಾಕ್ಟರ್ ಸಾಹೇಬ್ರ, ಇವರದು ಲಿವರ್ ರಿಪೋರ್ಟ್ ಛಲೋ ಬಂದದ. ಮತ್ತ ಈ ಕಾಮಾಲಿ ಸೂಜಿ ಯಾಕ್ರಿ? ಅದೂ ನಾಕು ಸಲ, ಎರಡು ಪಟ್ಟು ಔಷಧ!"

ಪ್ರಶ್ನೆ ಸರಿಯಾದುದೇ. ಕಲಬುರಗಿ, ಬೀದರ, ರಾಯಚೂರುಗಳಿಂದ ಚಿಕಿತ್ಸೆಗೆಂದು ಹೈದರಾಬಾದಿಗೆ ಬರುವ ನಮ್ಮ ಜನರಲ್ಲಿ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೇಳದೆ ಹಿಂದಿರುಗುವವರು ಅನೇಕರು. ಆದುದರಿಂದ ಈ ಸಲದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಯಕೃತ್ತು ಮತ್ತು ಮೂತ್ರಪಿಂಡಗಳು ಒಂದೇ ಮನೆಯ ಕೆಲಸವನ್ನು ಹಂಚಿಕೊಂಡಿವೆ. ನಾವು ತಿಂದ ಬೇಳೆ, ಹಾಲು, ಮಾಂಸಗಳಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಯಕೃತ್ತು ಯೂರಿಯವನ್ನಾಗಿ ಮಾರ್ಪಡಿಸುತ್ತದೆ. ಮೂತ್ರಪಿಂಡಗಳು ಅದನ್ನು ಹೊರಗೆ ಹಾಕುತ್ತವೆ. ಯಕೃತ್ತು ತೀರ ಕೆಟ್ಟಾಗ ಮೂತ್ರಪಿಂಡಗಳೂ ನಿಂತುಹೋಗಬಹುದೆಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಇದರ ವಿರುದ್ಧ ದಿಕ್ಕಿನ ಹಾನಿ ಅಷ್ಟು ಢಾಳಾಗಿ ಕಾಣುವುದಿಲ್ಲ. ಮೂತ್ರಪಿಂಡ ಸೋತ ಮಾತ್ರಕ್ಕೆ ಯಕೃತ್ತು ಸಾಮಾನ್ಯವಾಗಿ ಕೆಟ್ಟುಹೋಗುವುದಿಲ್ಲ. ಆದರೆ ರಕ್ತದಲ್ಲಿ ಉಳಿದ ಕಶ್ಮಲವು ಕೆಲವು ಔಷಧಗಳನ್ನು ಅರಗಿಸುವ ಯಕೃತ್ತಿನ ಶಕ್ತಿಯನ್ನು ಕುಗ್ಗಿಸುತ್ತದೆ. ಮೂತ್ರದ ಮೂಲಕ ಹೋಗದ ಮಾತ್ರೆಗೂ ವೈದ್ಯರು ಪ್ರಮಾಣ ಕಡಮೆ ಮಾಡುವುದು ಇದರಿಂದಲೇ.

ಇನ್ನು ಆ ತಾಯಿಯ 'ಛಲೋ' ರಿಪೋರ್ಟಿನ ವಿಷಯ. ಯಕೃತ್ತಿನ ಕಣಗಳು ನೊಂದಾಗ ರಕ್ತದಲ್ಲಿ ಎಸ್‌ಜಿಪಿಟಿ ಎಂಬ ವಸ್ತು ಏರುತ್ತದೆ. ಡಯಾಲಿಸಿಸ್ ನಡೆಯುವವರಲ್ಲಿ ಈ ಅಂಕಿ ಮೊದಲಿನಿಂದಲೂ ತಗ್ಗಿನಲ್ಲಿರುತ್ತದೆ. ಬಿ-6 ಜೀವಸತ್ವದ ಕೊರತೆ ಅದಕ್ಕೆ ಒಂದು ಕಾರಣ. ಹೀಗಾಗಿ ಒಳಗೆ ಕಾಮಾಲೆಯ ವೈರಸ್ ಸೇರಿ ಯಕೃತ್ತನ್ನು ಕೊರೆಯುತ್ತಿದ್ದರೂ ಕಾಗದದ ಮೇಲೆ ಎಲ್ಲವೂ ಸರಿಯಾಗಿ ತೋರಬಹುದು. ಎಸ್‌ಜಿಪಿಟಿಯನ್ನು ನೋಡಿ ನೆಮ್ಮದಿಪಡುವಂತಿಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳ ಪರೀಕ್ಷೆಯನ್ನೇ ಡಯಾಲಿಸಿಸ್ ಆರಂಭದಲ್ಲೂ ಅನಂತರ ಕಾಲಕಾಲಕ್ಕೂ ಮಾಡಿಸಬೇಕು. ಸಿ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ. ರಕ್ತವು ದೇಹದಿಂದ ಹೊರಬಂದು ಮತ್ತೆ ಒಳಹೋಗುವ ಚಿಕಿತ್ಸೆಯಲ್ಲಿ, ಶುಚಿತ್ವ ಎಲ್ಲಿಯಾದರೂ ಕೊಂಚ ತಪ್ಪಿದರೆ ಈ ವೈರಸ್‌ಗಳಿಗೆ ದಾರಿಯಾಗುತ್ತದೆ.

ಬಿ ವೈರಸ್‌ಗೆ ಲಸಿಕೆಯಿದೆ. ಅದರಲ್ಲಿ ನಮ್ಮ ಊರಿನ ಪಾತ್ರವೂ ಇದೆ. ಎಲೆಕ್ಟ್ರಾನಿಕ್ಸ್ ಇಂಜಿನಿಯರರಾದ ಕೆ. ಐ. ವರಪ್ರಸಾದ ರೆಡ್ಡಿಯವರು ತಾಯಿಯ ಹೆಸರಿನಲ್ಲಿ 1993ರಲ್ಲಿ ಇಲ್ಲಿ ಸ್ಥಾಪಿಸಿದ ಶಾಂತಾ ಬಯೋಟೆಕ್ನಿಕ್ಸ್, 1997ರಲ್ಲಿ ಶಾನ್‌ವ್ಯಾಕ್-ಬಿ ಎಂಬ ಲಸಿಕೆಯನ್ನು ಹೊರತಂದಿತು. ಅಲ್ಲಿಯವರೆಗೆ ವಿದೇಶದಿಂದ ಬರುತ್ತಿದ್ದ ಲಸಿಕೆ ಸಾಮಾನ್ಯ ಗೃಹಸ್ಥರ ಕೈಗೆ ಎಟುಕುತ್ತಿರಲಿಲ್ಲ. ಇದು ಯೀಸ್ಟ್ ಕಣಗಳಲ್ಲಿ ಬೆಳೆಸಿದ ಲಸಿಕೆ, ಯಾರ ರಕ್ತದಿಂದಲೂ ತೆಗೆದದ್ದಲ್ಲ. 'ಮತ್ತೊಬ್ಬರ ರಕ್ತ' ಎಂದು ಅಂಜುವವರು ಇನ್ನೂ ಇದ್ದಾರಾದ್ದರಿಂದ ಈ ಮಾತು ಹೇಳಿದೆ.

ಆರೋಗ್ಯವಂತರಿಗೆ ಸಾಮಾನ್ಯವಾಗಿ ಮೂರು ಸೂಜಿ ಸಾಕು. ಮೂತ್ರಪಿಂಡ ಸೋತವರ ದೇಹ ಲಸಿಕೆಗೆ ಮಂದವಾಗಿ ಸ್ಪಂದಿಸುವುದರಿಂದ ಪ್ರತಿಸಲವೂ ಎರಡು ಪಟ್ಟು, ಅಂದರೆ 40 ಮೈಕ್ರೋಗ್ರಾಂ. ಮೊದಲ ಸೂಜಿಯ ಅನಂತರ ಒಂದನೆಯ, ಎರಡನೆಯ, ಆರನೆಯ ತಿಂಗಳುಗಳಲ್ಲಿ ಮತ್ತೆ ಮೂರು ಸೂಜಿ. ಕೊನೆಯದಾಗಿ ಒಂದೆರಡು ತಿಂಗಳಿಗೆ ರಕ್ಷಣೆ ಬಂದಿದೆಯೆ ಎಂದು ರಕ್ತಪರೀಕ್ಷೆ. ನಿಜಕ್ಕೂ ಡಯಾಲಿಸಿಸ್ ಆರಂಭವಾಗುವ ಮೊದಲೇ ಹಾಕಿಸಿದರೆ ಫಲ ಹೆಚ್ಚು. ಈ ಮನೆಯವರಿಗೆ ಅದನ್ನು ಯಾರೂ ಮೊದಲೇ ಹೇಳಿರಲಿಲ್ಲವೆಂಬುದು ನನಗೆ ಬೇಸರ ತಂದಿತು.

ಸಿ ವೈರಸ್‌ಗೆ ಲಸಿಕೆಯಿಲ್ಲ. ಆದರೆ ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ ನುಂಗಿದರೆ ಬಹುತೇಕ ಜನರಲ್ಲಿ ವಾಸಿಯಾಗುತ್ತದೆ, ಡಯಾಲಿಸಿಸ್ ನಡೆಯುತ್ತಿದ್ದವರಿಗೂ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರಕಾರವು ಈ ಔಷಧವನ್ನು ಉಚಿತವಾಗಿ ಒದಗಿಸುತ್ತದೆ.

ಮಾತು ಮುಗಿಯುವ ಹೊತ್ತಿಗೆ ಆ ತಾಯಿ ಚೀಲದಿಂದ ಒಂದು ಪೊಟ್ಟಣ ತೆಗೆದರು. ಊರಿನಿಂದ ಬಂದ ಬೇರಿನ ಪುಡಿ, 'ಲಿವರ್ ಶುದ್ಧಿ'ಗೆ. ಅದರಲ್ಲಿ ಏನಿದೆಯೆಂದು ತಂದುಕೊಟ್ಟ ಮೈದುನನಿಗೂ ತಿಳಿಯದು. ಕೆಲವು ಬೇರುಗಳು ಯಕೃತ್ತನ್ನೇ ಸುಡುತ್ತವೆ, ಕೆಲವು ಉಳಿದಷ್ಟು ಮೂತ್ರಪಿಂಡವನ್ನೂ ಮುಗಿಸುತ್ತವೆ. ಕೊಡಬೇಡಿರೆಂದು ಬೇಡಿಕೊಂಡೆ. ಮೈಕೈ ನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದೆಂದು ಸೇರಿಸಿದೆ.

ಪೊಟ್ಟಣವನ್ನು ಅವರು ಅಲ್ಲಿಯೇ ಬಿಟ್ಟುಹೋದರು. ಮೊದಲ ಸೂಜಿ ದಸರೆಯ ಮರುದಿನವೇ ಆಯಿತಂತೆ; ನಾಲ್ಕನೆಯದು ಯುಗಾದಿಯ ಹೊತ್ತಿಗೆ.