ನೊಂದವರ ಪಾಲಿನ ನ್ಯಾಯ

2000ದ ಜುಲೈ 8ರಂದು ಹುಬ್ಬಳ್ಳಿಯ ಸಂತ ಜಾನ್ ಲುಥೆರನ್ ದೇವಾಲಯದಲ್ಲಿ ಬಾಂಬು ಸಿಡಿದುದನ್ನು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕ್ರೈಸ್ತ ಕುಟುಂಬಗಳು ಮರೆತಿರಲಾರವು. ಅದಕ್ಕೆ ಒಂದು ತಿಂಗಳು ಮೊದಲು ವಾಡಿಯ ಕಥೋಲಿಕ ದೇವಾಲಯ, ಮರುದಿನ ಬೆಂಗಳೂರಿನ ಸಂತ ಪೇತ್ರ ಮತ್ತು ಪೌಲರ ದೇವಾಲಯ ಅದೇ ಸಂಚಿಗೆ ಗುರಿಯಾದವು. 2008ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. ಆದರೆ ಶಿಕ್ಷೆಯಿಂದಲೇ ನ್ಯಾಯ ಪೂರ್ಣವಾಗದು. ಪೆಟ್ಟು ತಿಂದವರ ಬದುಕು ಮತ್ತೆ ನಿಲ್ಲಬೇಕು. ನಮ್ಮ ಶಾಸನಸಭೆಗಳು ಈ ಬಗ್ಗೆ ಎಷ್ಟು ಯೋಚಿಸಿವೆ?

ಮುಂಬಯಿ ದಾಳಿಯ ಬಳಿಕ, 2008ರ ಡಿಸೆಂಬರ್ 17ರಂದು, ಲೋಕಸಭೆಯು ರಾಷ್ಟ್ರೀಯ ತನಿಖಾ ಸಂಸ್ಥೆಯ ಮಸೂದೆಯನ್ನೂ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ ತಿದ್ದುಪಡಿಯನ್ನೂ ದೀರ್ಘವಾಗಿ ಚರ್ಚಿಸಿ ಅಂಗೀಕರಿಸಿತು. ಆರು ದಿನಗಳ ಮೇಲೆ, ನೊಂದವರ ಪರಿಹಾರಕ್ಕೆ ಸಂಬಂಧಿಸಿದ 357ಎ ಕಲಮನ್ನು ಒಳಗೊಂಡ ದಂಡ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಯು ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಇದು ನಮ್ಮನ್ನು ಚಿಂತೆಗೀಡುಮಾಡುತ್ತದೆ.

ಕಲಮು ಒಳ್ಳೆಯದೇ. ಅಪರಾಧಿ ಪತ್ತೆಯಾಗದೆ ವಿಚಾರಣೆ ನಡೆಯದಿದ್ದರೂ ನೊಂದವರು ಅಥವಾ ಅವರ ಅವಲಂಬಿತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಪ್ರಾಧಿಕಾರವು ಎರಡು ತಿಂಗಳೊಳಗೆ ತನ್ನ ವಿಚಾರಣೆ ಮುಗಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮು ಇದೇ ಹಕ್ಕನ್ನು ಉಳಿಸಿಕೊಂಡಿದೆ. ಭಯೋತ್ಪಾದನೆಗೆ ಸಿಲುಕಿದ ನಾಗರಿಕರಿಗಾಗಿ ಕೇಂದ್ರವು ರೂಪಿಸಿದ ಪ್ರತ್ಯೇಕ ಯೋಜನೆಯ ನೆರವು ಮೊದಲು 3 ಲಕ್ಷ ರೂಪಾಯಿಗಳಿದ್ದು, 2016ರಲ್ಲಿ 5 ಲಕ್ಷಕ್ಕೆ ಏರಿತು. ಆದರೆ ಯೋಜನೆ ಅನ್ವಯಿಸಿದ್ದು 2008ರ ಏಪ್ರಿಲ್ 1ರಿಂದ; 2000ದಲ್ಲಿ ನೊಂದವರಿಗೆ ಅದರಲ್ಲಿ ಸ್ಥಾನವಿಲ್ಲ. ಗಾಯಾಳುಗಳ ಅಂಗವೈಕಲ್ಯವು ಶೇಕಡಾ 50ನ್ನು ಮುಟ್ಟಬೇಕೆಂಬ ನಿಯಮವನ್ನೂ ಅದರಲ್ಲಿ ಇಡಲಾಯಿತು. ಹತ್ತಿ ಬಿಡಿಸುವ ಕೂಲಿಯವಳ ಬೆರಳುಗಳು ಹೋದರೆ ಅನ್ನವೇ ಹೋದಂತೆ. ಶೇಕಡಾವಾರು ಲೆಕ್ಕಕ್ಕೆ ಆ ನಷ್ಟ ಕಾಣದು. ಇಂತಹ ಮಾತುಗಳನ್ನು ಸದನದಲ್ಲಿ ಆಡಬೇಕಾದವರು ನಾವು ಆರಿಸಿ ಕಳುಹಿಸಿದ ಪ್ರತಿನಿಧಿಗಳೇ.

ನಮ್ಮ ಪಾಲಿನ ಕರ್ತವ್ಯವೂ ಇದೆ. ಪ್ರಭು ಯೇಸು ಹೇಳಿದ ಸಾಮತಿಯಲ್ಲಿ ಸಮಾರಿಯದವನು ಗಾಯಾಳುವಿನ ಕುಲ ಕೇಳಲಿಲ್ಲ. ಗಾಯ ಕಟ್ಟಿದನು, ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟನು, ಹೆಚ್ಚಿನ ಖರ್ಚನ್ನೂ ತಾನೇ ತೀರಿಸುವೆನೆಂದನು. ಸಂತೆಗೋ ಆಸ್ಪತ್ರೆಗೋ ಹುಬ್ಬಳ್ಳಿಗೆ ಹೋಗುವ ನಮ್ಮ ಹಳ್ಳಿಯ ಜನರಿಗೆ ಇಂತಹ ಹಕ್ಕೊಂದಿದೆಯೆಂಬುದೇ ತಿಳಿಯದು. ಪ್ರತಿ ಧರ್ಮಕೇಂದ್ರದಲ್ಲಿಯೂ ಓದು ಬಲ್ಲ ಇಬ್ಬರು ಮುಂದೆ ಬಂದು, ಪೊಲೀಸ್ ದೂರಿನ ಪ್ರತಿ ಹಾಗೂ ಆಸ್ಪತ್ರೆಯ ಕಾಗದಗಳನ್ನು ಜೋಪಾನ ಮಾಡಿಸಿ, ಅರ್ಜಿ ಬರೆದುಕೊಡಲಿ. ನೊಂದವರು ಯಾವ ಮತದವರೇ ಆಗಲಿ, ಈ ಸೇವೆ ಅವರಿಗೆ ಸಲ್ಲಲಿ.